ಕೈಗೆ ತಕ್ಕ ಬಳೆ, ಅಚ್ಚಿಗೆ ತಕ್ಕ ಮುಖ

ಹೊಸದುರ್ಗ ತಾಲ್ಲೂಕಿನ ಮತ್ತೋಡು ಎಂದೊಡನೆ ಚರಿತ್ರೆಯನ್ನು ಬಲ್ಲವರಿಗೆ ನೆನಪಾಗುವುದು ಗಾಜಿನ ಬಳೆ. ಟಿಪ್ಪು ಸುಲ್ತಾನನ ಪತನಾನಂತರ, 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಈ ಊರಿನ ಗಾಜಿನ ಕುಲುಮೆಗಳನ್ನು ಕಂಡು, 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಅವುಗಳ ವಿವರ ಕೊಟ್ಟಿದ್ದಾನೆ. ಬೆಣಚುಕಲ್ಲಿನ ಪುಡಿ, ಚೌಳು ಮಣ್ಣಿನಿಂದ ತೆಗೆದ ಕ್ಷಾರ, ಅದಕ್ಕೆ ಬೆಂಕಿ. ಇಷ್ಟರಿಂದ ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಬಣ್ಣಗಳ ಬಳೆಗಳು ಸಿದ್ಧವಾಗುತ್ತಿದ್ದವು. ಆ ಕುಲುಮೆಗಳ ಕಾಲ ಕಳೆದುಹೋಗಿದೆ. ಬಳೆ ತೊಡುವ ಆಸೆಯಾದರೋ ಹಾಗೆಯೇ ಉಳಿದಿದೆ.

ಬಳೆಗಾರನು ಬಳೆ ತೊಡಿಸುವುದನ್ನು ನೀವೆಲ್ಲರೂ ನೋಡಿರುವಿರಿ. ಆತ ಮೊದಲು ಗಂಟನ್ನು ಬಿಚ್ಚುವುದಿಲ್ಲ. ಮೊದಲು ಕೈಯನ್ನು ಹಿಡಿಯುತ್ತಾನೆ. ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಅಂಗೈಯನ್ನು ಮೃದುವಾಗಿ ಒತ್ತಿ, ಕಣ್ಣಳತೆಯಿಂದಲೇ ಆ ಕೈಗೆ ಒಪ್ಪುವ ಬಳೆಯನ್ನು ಆರಿಸುತ್ತಾನೆ. ಹೊಲದಲ್ಲಿ ದುಡಿದು ಒರಟಾದ ಕೈಗೆ ಒಂದು ಅಳತೆ, ಮಗುವಿನ ಕೈಗೆ ಇನ್ನೊಂದು. ಬಳೆ ಹಿಡಿಸಲಿಲ್ಲವೆಂದು ಕೈಯನ್ನೇ ಕೆತ್ತಲು ಹೊರಟ ಬಳೆಗಾರನನ್ನು ನಾವಾರೂ ಕಂಡಿಲ್ಲ.

ಇಂದು ನಮ್ಮ ಮಕ್ಕಳ ಅಂಗೈಯಲ್ಲಿ ಬೇರೊಂದು ಗಾಜಿದೆ. ಮೊಬೈಲ್ ಫೋನಿನ ಆ ಗಾಜು ಮೊದಲು ಕೈಯನ್ನು ಹಿಡಿಯುವುದಿಲ್ಲ, ಮೊದಲು ಅಚ್ಚನ್ನು ತರುತ್ತದೆ. ‘ಇದೋ, ನಿನ್ನ ಮುಖ ಹೀಗಿರಬೇಕು’ ಎನ್ನುತ್ತದೆ. ಅಚ್ಚಿಗೆ ಹಿಡಿಸದ ಮುಖವನ್ನು ಏನು ಮಾಡಬೇಕೆಂಬ ಪ್ರಶ್ನೆ ಅಲ್ಲಿಂದ ಆರಂಭವಾಗುತ್ತದೆ. ಪ್ರಿಯ ಓದುಗರೇ, ಈ ವಾರ ಆ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ. ಅದರಲ್ಲಿ ನನ್ನದೂ ಒಂದು ತಪ್ಪಿದೆ.

ಒಂದು ಫೋಟೊ, ಒಂದು ಭೇಟಿ

ನಾನು ಸೇವೆ ಸಲ್ಲಿಸಿದ ಧರ್ಮಕೇಂದ್ರವೊಂದರಲ್ಲಿ ನಡೆದ ಸಂಗತಿ ಇದು. ಪಾಪನಿವೇದನೆಯಲ್ಲಿ ಕೇಳಿದ್ದಲ್ಲ, ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬರೆಯುತ್ತಿದ್ದೇನೆ. ಒಬ್ಬ ತಾಯಿ ತನ್ನ ಮಗಳಿಗೆ ವರ ನೋಡುತ್ತಿದ್ದರು. ನಮ್ಮ ಸೀಮೆಯಲ್ಲಿ ಕಥೋಲಿಕ ಕುಟುಂಬಗಳು ಚದುರಿಹೋಗಿವೆ. ಸಂಬಂಧ ಕೂಡಿಬರಲು ಗುರುಗಳ ಒಂದು ಮಾತು ನೆರವಾಗುತ್ತದೆಂಬ ನಂಬಿಕೆ ಜನರಿಗಿದೆ. ಆಕೆ ಎರಡು ಫೋಟೊಗಳನ್ನು ತೋರಿಸಿ, ‘ಸ್ವಾಮಿ, ಯಾವುದನ್ನು ಕಳಿಸೋಣ?’ ಎಂದು ಕೇಳಿದರು. ಒಂದರಲ್ಲಿ ಪ್ರತಿ ಭಾನುವಾರ ಬಲಿಪೂಜೆಯಲ್ಲಿ ವಾಚನ ಓದುವ, ನಾನು ಚೆನ್ನಾಗಿ ಬಲ್ಲ ಹುಡುಗಿಯಿದ್ದಳು. ಇನ್ನೊಂದರಲ್ಲಿ ಅವಳಂತೆಯೇ ಕಾಣುವ, ಆದರೆ ಬಣ್ಣದಲ್ಲಿ ಎರಡು ಪಟ್ಟು ತಿಳಿಯಾದ, ಕಣ್ಣು ಅಗಲವಾದ, ಮೂಗು ಸಣ್ಣಗಾದ ಮತ್ತೊಬ್ಬಳಿದ್ದಳು. ನಾನು ಹೆಚ್ಚು ಯೋಚಿಸದೆ, ‘ಎರಡನೆಯದೇ ಚೆನ್ನಾಗಿದೆ’ ಎಂದೆ. ನನ್ನ ಪರಿಚಯದ ಇನ್ನೊಬ್ಬ ಗುರುಗಳಿಗೆ ಅದನ್ನು ನಾನೇ ಕಳಿಸಿದೆ.

ವರನ ಕಡೆಯವರು ಬಂದರು. ಕಾಫಿ ಕುಡಿದರು. ಹೊರಡುವಾಗ ಅವರಲ್ಲೊಬ್ಬ ಹಿರಿಯರು ಅಂಗಳದಲ್ಲಿ ನಿಂತು, ಒಳಗಿದ್ದವಳಿಗೆ ಕೇಳಿಸುವಂತೆ, ‘ಫೋಟೊದಲ್ಲಿದ್ದ ಹುಡುಗಿ ಎಲ್ಲಿ?’ ಎಂದರು. ಅದು ತಮಾಷೆಯ ಮಾತಾಗಿತ್ತೆಂದು ಅನಂತರ ಹೇಳಿಕಳಿಸಿದರು. ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು.

ಆ ಹುಡುಗಿ ಆ ಹಿರಿಯರ ಮೇಲೆ ಸಿಟ್ಟಾಗಲಿಲ್ಲ, ತನ್ನ ಮುಖದ ಮೇಲೆ ಸಿಟ್ಟಾದಳು. ಮದ್ದಿನ ಅಂಗಡಿಯಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಕ್ಕ ಕ್ರೀಮನ್ನು ಹಚ್ಚತೊಡಗಿದಳು. ಮೊದಲ ವಾರಗಳಲ್ಲಿ ಮುಖ ಬೆಳ್ಳಗಾಯಿತು, ಮನೆಯವರೂ ಮೆಚ್ಚಿದರು. ಕೆಲವು ತಿಂಗಳಲ್ಲಿ ಚರ್ಮ ತೆಳುವಾಗಿ ಕೆಂಪಡರಿತು, ಬಿಸಿಲಿಗೆ ಹೋದರೆ ಉರಿ, ಕ್ರೀಮು ಬಿಟ್ಟರೆ ಇನ್ನೂ ಹೆಚ್ಚು ಉರಿ. ಕೊನೆಗೆ ನಗರಕ್ಕೆ ಹೋಗಿ ಮೂಗನ್ನೂ ಬಣ್ಣವನ್ನೂ ಸರಿಪಡಿಸಿಕೊಳ್ಳುತ್ತೇನೆಂದು, ಮದುವೆಗೆಂದು ಕೂಡಿಟ್ಟ ಹಣವನ್ನು ಕೇಳಿದಳು. ತಾಯಿ ಅಳುತ್ತಾ ನನ್ನ ಬಳಿ ಬಂದಾಗಲೇ ನನಗೆ ಎಲ್ಲವೂ ತಿಳಿದದ್ದು. ‘ಹೇಗೆ ಕಾಣಬೇಕು ಎಂದುಕೊಂಡಿದ್ದೀಯಮ್ಮಾ?’ ಎಂದು ಅವಳನ್ನು ಕೇಳಿದೆ. ಅವಳು ಫೋನನ್ನು ತೆರೆದು ತೋರಿಸಿದಳು. ಯಾವ ಚಿತ್ರತಾರೆಯ ಮುಖವೂ ಅಲ್ಲ, ನಾನು ‘ಚೆನ್ನಾಗಿದೆ’ ಎಂದಿದ್ದ ಅದೇ ಎರಡನೆಯ ಫೋಟೊ.

ಫಿಲ್ಟರ್ ಎಂಬುದರ ಕೆಲಸ

ಅಡುಗೆಮನೆಯ ಫಿಲ್ಟರ್ ನಮಗೆಲ್ಲ ಗೊತ್ತು. ಅದು ಚರಟವನ್ನು ತಡೆದು ಡಿಕಾಕ್ಷನ್ನನ್ನು ಕೊಡುತ್ತದೆ. ಫೋನಿನ ಫಿಲ್ಟರ್ ಏನನ್ನು ಚರಟವೆಂದು ತಡೆಯುತ್ತದೆ? ಕ್ಯಾಮೆರಾ ಮುಖವನ್ನು ಕಂಡೊಡನೆ ಕಣ್ಣಿನ ಕೊನೆ, ಮೂಗಿನ ತುದಿ, ತುಟಿಯ ಅಂಚು, ದವಡೆಯ ರೇಖೆ ಇವುಗಳ ಮೇಲೆ ಕಾಣದ ಚುಕ್ಕಿಗಳನ್ನಿಟ್ಟು ಒಂದು ಬಲೆಯನ್ನು ನೇಯುತ್ತದೆ. ಅನಂತರ ಆ ಚುಕ್ಕಿಗಳನ್ನು ಸರಿಸುತ್ತದೆ. ಕಣ್ಣು ಹಿಗ್ಗುತ್ತದೆ, ಮೂಗು ಕುಗ್ಗುತ್ತದೆ, ದವಡೆ ಸವೆಯುತ್ತದೆ. ಚರ್ಮದ ರಂಧ್ರಗಳೂ ಕಲೆಗಳೂ ಮಸುಕಾಗಿ ಅಳಿಯುತ್ತವೆ, ಬಣ್ಣ ತಿಳಿಯಾಗುತ್ತದೆ. ಅಜ್ಜಿಯಿಂದ ಬಂದ ಮೂಗಿನ ಅಗಲವೂ, ಹೊಲದ ಬಿಸಿಲು ಕೊಟ್ಟ ಬಣ್ಣವೂ, ಬಾಲ್ಯದಲ್ಲಿ ಬಿದ್ದ ಗಾಯದ ಗುರುತೂ ಅದರ ಲೆಕ್ಕದಲ್ಲಿ ಚರಟವೇ.

ಸ್ನ್ಯಾಪ್‌ಚಾಟ್ 2015ರಲ್ಲಿಯೂ ಇನ್‌ಸ್ಟಾಗ್ರಾಂ 2017ರಲ್ಲಿಯೂ ಇಂತಹ ಮುಖದ ಫಿಲ್ಟರ್‌ಗಳನ್ನು ತಂದವು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಂತೆ ಮುಖವನ್ನು ತೋರಿಸುವ ಫಿಲ್ಟರ್‌ಗಳನ್ನು ಇನ್‌ಸ್ಟಾಗ್ರಾಂ 2019ರಲ್ಲಿ ತೆಗೆದುಹಾಕಲು ನಿರ್ಧರಿಸಿತು. 2025ರ ಜನವರಿಯಲ್ಲಿ ಹೊರಗಿನವರು ರಚಿಸಿದ ಫಿಲ್ಟರ್‌ಗಳನ್ನೇ ನಿಲ್ಲಿಸಿತು. ಆದರೆ ಮುಖ ತಿದ್ದುವ ಬೇರೆ ಆ್ಯಪ್‌ಗಳಿಗೆ ಕೊರತೆಯಿಲ್ಲ. ಯಾವ ಆ್ಯಪನ್ನೂ ಹಾಕಿಕೊಳ್ಳದೆಯೇ ಮುಖವನ್ನು ನುಣುಪುಗೊಳಿಸುವ ವ್ಯವಸ್ಥೆ ಎಷ್ಟೋ ಫೋನುಗಳ ಕ್ಯಾಮೆರಾದಲ್ಲಿಯೇ ಅಡಗಿದೆ.

ಫಿಲ್ಟರ್ ಇಲ್ಲದಿದ್ದರೂ ಸೆಲ್ಫಿ ಸತ್ಯವನ್ನು ಹೇಳುವುದಿಲ್ಲ. ಅಮೆರಿಕದ ಶಸ್ತ್ರವೈದ್ಯರು 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 12 ಅಂಗುಲ ದೂರದಿಂದ ತೆಗೆದ ಫೋಟೊದಲ್ಲಿ ಮೂಗು, 5 ಅಡಿ ದೂರದಿಂದ ತೆಗೆದದ್ದಕ್ಕಿಂತ ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆ. ಹತ್ತಿರದ ವಸ್ತು ದೊಡ್ಡದಾಗಿ ಕಾಣುವುದು ಕಣ್ಣಿನ ನಿಯಮ. ಆ ನಿಯಮವನ್ನರಿಯದೆ ಎಷ್ಟು ಮಕ್ಕಳು ತಮ್ಮ ಮೂಗನ್ನು ಶಪಿಸಿಕೊಂಡಿರಬಹುದು!

ವೈದ್ಯರ ಬಾಗಿಲಲ್ಲಿ ಇದರ ಫಲ ಕಾಣತೊಡಗಿತು. 2017ರಲ್ಲಿ ಅಮೆರಿಕದ ಮುಖದ ಪ್ಲಾಸ್ಟಿಕ್ ಶಸ್ತ್ರವೈದ್ಯರ ಸಂಘವು ತನ್ನ ಸದಸ್ಯರನ್ನು ವಿಚಾರಿಸಿದಾಗ, ಸೆಲ್ಫಿಯಲ್ಲಿ ಚೆನ್ನಾಗಿ ಕಾಣಬೇಕೆಂದು ಬರುವವರನ್ನು ಕಂಡಿದ್ದೇವೆಂದು ಶೇ. 55ರಷ್ಟು ವೈದ್ಯರು ಹೇಳಿದರು. ಮರುವರ್ಷ ಬಾಸ್ಟನ್ ನಗರದ ಚರ್ಮವೈದ್ಯರು ಇನ್ನೊಂದು ಬದಲಾವಣೆಯನ್ನು ಬರೆದರು: ಹಿಂದೆ ನಟನಟಿಯರ ಚಿತ್ರಗಳನ್ನು ತರುತ್ತಿದ್ದ ಜನ ಈಗ ತಮ್ಮದೇ ತಿದ್ದಿದ ಚಿತ್ರವನ್ನು ತಂದು ‘ನನ್ನನ್ನು ಹೀಗೆ ಮಾಡಿ’ ಎನ್ನುತ್ತಿದ್ದಾರೆ. ಬಾಸ್ಟನ್ನಿನ ವೈದ್ಯರು ಕಂಡದ್ದನ್ನೇ ನಾನು ನಮ್ಮ ಹಳ್ಳಿಯ ಮನೆಯಲ್ಲಿ ಕಂಡೆ.

ತನ್ನ ರೂಪದಲ್ಲಿ ಇಲ್ಲದ ಅಥವಾ ಅತ್ಯಲ್ಪವಾದ ದೋಷವನ್ನೇ ದಿನವಿಡೀ ಚಿಂತಿಸುತ್ತ ಕೊರಗುವುದು ವೈದ್ಯಶಾಸ್ತ್ರವು ಗುರುತಿಸಿರುವ ಒಂದು ಮಾನಸಿಕ ವ್ಯಾಧಿ. ನೂರರಲ್ಲಿ ಸುಮಾರು ಇಬ್ಬರಿಗೆ ಅದು ಇದೆಯೆಂದು ಅಂದಾಜು. ಇಂಥವರಿಗೆ ಶಸ್ತ್ರಚಿಕಿತ್ಸೆಯಿಂದ ಸಾಮಾನ್ಯವಾಗಿ ಸಮಾಧಾನ ದೊರೆಯುವುದಿಲ್ಲ. ಮೂಗು ಮುಗಿದರೆ ಗಲ್ಲ, ಗಲ್ಲ ಮುಗಿದರೆ ತುಟಿ. ಗಾಯವಿರುವುದು ಮುಖದಲ್ಲಿ ಅಲ್ಲವಾದ್ದರಿಂದ ಕತ್ತಿ ಅಲ್ಲಿಗೆ ತಲುಪುವುದಿಲ್ಲ.

ಅಚ್ಚು ಹಳೆಯದು

ಎಲ್ಲ ತಪ್ಪನ್ನೂ ಫೋನಿನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಯಂತ್ರ ಹೊಸದು, ಅಚ್ಚು ಹಳೆಯದು. ಫೇರ್ ಅಂಡ್ ಲವ್ಲಿ ಎಂಬ ಕ್ರೀಮು ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಅದರ ಹೆಸರಿನಿಂದ ‘ಫೇರ್’ ಎಂಬ ಪದ ಅಳಿದದ್ದು 2020ರಲ್ಲಿ. ಅದೇ ವರ್ಷ ಒಂದು ಪ್ರಸಿದ್ಧ ವಿವಾಹ ಜಾಲತಾಣ, ಚರ್ಮದ ಬಣ್ಣದಿಂದ ವಧೂವರರನ್ನು ಸೋಸುವ ಸೌಲಭ್ಯವನ್ನು ಜನರ ಆಕ್ಷೇಪದ ಮೇರೆಗೆ ತೆಗೆದುಹಾಕಿತು. ಆದರೆ ನಮ್ಮ ಮನೆಗಳಲ್ಲಿ? ಮಗು ಹುಟ್ಟಿದ ದಿನವೇ ‘ಬಣ್ಣ ಯಾರದ್ದು?’ ಎಂದು ಕೇಳುವವರು ನಾವು. ಅಕ್ಕತಂಗಿಯರನ್ನು ಒಟ್ಟಿಗೆ ನಿಲ್ಲಿಸಿ ‘ಇವಳು ಸ್ವಲ್ಪ ಕಪ್ಪು’ ಎಂದು ಅವರೆದುರಿಗೇ ಹೇಳುವವರೂ ನಾವೇ. ಗಂಡುಮಕ್ಕಳನ್ನೂ ನಾವು ಬಿಟ್ಟಿಲ್ಲ: ಕುಳ್ಳ, ಬಡಕಲ, ಬೋಳುತಲೆ ಎಂದು ಕರೆದು ನಗುತ್ತೇವೆ. ಫಿಲ್ಟರ್ ಹೊಸದಾಗಿ ಏನನ್ನೂ ಹೇಳಲಿಲ್ಲ. ನಾವು ಹಜಾರದಲ್ಲಿ ಕುಳಿತು ಹೇಳುತ್ತಿದ್ದುದನ್ನು ಅದು ದಿನಕ್ಕೆ ನೂರು ಸಲ, ಏಕಾಂತದಲ್ಲಿ ಹೇಳತೊಡಗಿತು.

ಹಿಂದಿನ ಸ್ಟುಡಿಯೋಗಳಲ್ಲಿಯೂ ಫೋಟೊಗ್ರಾಫರರು ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ ಆಡಿಸಿ ‘ಟಚಪ್’ ಮಾಡುತ್ತಿದ್ದರು. ಅದು ಮದುವೆಗೊಮ್ಮೆ, ಹಬ್ಬಕ್ಕೊಮ್ಮೆ ಆಗುವ ಮಾತಾಗಿತ್ತು. ಮರುದಿನ ಮನೆಯ ಕನ್ನಡಿ ಇದ್ದುದನ್ನು ಇದ್ದಂತೆಯೇ ತೋರಿಸುತ್ತಿತ್ತು. ಇಂದು ಕನ್ನಡಿಗಿಂತ ಹೆಚ್ಚು ಸಲ ಫೋನನ್ನು ನೋಡುವ ಮಗುವಿಗೆ ತಿದ್ದಿದ ಮುಖವೇ ನಿಜವಾಗಿ, ನಿಜದ ಮುಖವೇ ತಪ್ಪಾಗಿ ತೋರುತ್ತದೆ. ಇನ್‌ಸ್ಟಾಗ್ರಾಂ ಒಡೆತನದ ಕಂಪನಿಯ ಆಂತರಿಕ ಸಂಶೋಧನೆಯೊಂದು 2021ರಲ್ಲಿ ಬಯಲಾಯಿತು. ತಮ್ಮ ದೇಹದ ಬಗ್ಗೆ ಬೇಸರಗೊಂಡಿದ್ದ ಹದಿಹರೆಯದ ಹೆಣ್ಣುಮಕ್ಕಳಲ್ಲಿ ಶೇ. 32ರಷ್ಟು ಮಂದಿ, ಇನ್‌ಸ್ಟಾಗ್ರಾಂ ಆ ಬೇಸರವನ್ನು ಇನ್ನೂ ಹೆಚ್ಚಿಸಿತೆಂದು ಅದರಲ್ಲಿ ತಿಳಿಸಿದ್ದರು.

ಇದರ ಬೆಲೆ ಬರಿಯ ಬೇಸರವಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್, ದೇಹದ ಕೊಬ್ಬು ತೆಗೆಸುವ ಚಿಕಿತ್ಸೆಗೆ ಒಳಗಾಗಿ ಮೃತಪಟ್ಟರು. ಆಕೆಗೆ ಕೇವಲ 21 ವರ್ಷ. ಹೆತ್ತವರಿಗೆ ತಿಳಿಸದೆ ಚಿಕಿತ್ಸೆಗೆ ಹೋಗಿದ್ದರೆಂದು ಪತ್ರಿಕೆಗಳಲ್ಲಿ ಓದಿದಾಗ ನನ್ನ ಮನಸ್ಸು ಆ ತಂದೆತಾಯಿಯ ಬಳಿಗೇ ಹೋಯಿತು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು, ಮುಖ ಬೆಳ್ಳಗಾಗಲೆಂದು ಹಚ್ಚಿದ ಕ್ರೀಮುಗಳಲ್ಲಿನ ಪಾದರಸಕ್ಕೂ ಕೆಲವು ರೋಗಿಗಳ ಮೂತ್ರಪಿಂಡದ ಕಾಯಿಲೆಗೂ ಇರುವ ಸಂಬಂಧವನ್ನು ಪತ್ತೆಹಚ್ಚಿದರು. ಆ ಹುಡುಗಿ ಹಚ್ಚಿದ್ದು ಸ್ಟಿರಾಯ್ಡ್ ಬೆರೆತ ಕ್ರೀಮು. ಇಂತಹ ಹಲವು ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿಯೇ ನಿಯಮ ಮಾಡಿದೆ. ನಿಯಮ ಕಾಗದದ ಮೇಲಿದೆ, ಕ್ರೀಮು ಅಂಗಡಿಯಲ್ಲಿದೆ.

ಧರ್ಮಸಭೆ ಏನೆನ್ನುತ್ತದೆ?

ಹಾಗಾದರೆ ಅಲಂಕಾರವೇ ಪಾಪವೆ? ಚಿಕಿತ್ಸೆಯೇ ನಿಷಿದ್ಧವೆ? ಅಲ್ಲ. ಚಿಕಿತ್ಸೆಯ ಚರಿತ್ರೆಯೇ ನಮ್ಮ ಕಣ್ಣು ತೆರೆಸುತ್ತದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಯಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಸೆರೆಸಿಕ್ಕು ಮೂಗನ್ನು ಕಳೆದುಕೊಂಡ. ಅನಂತರ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದ ಒಬ್ಬ ಕುಶಲಿ, ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಹೊಸ ಮೂಗನ್ನು ಕೂಡಿಸಿದ. ಆ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. 1814ರಲ್ಲಿ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ ಅಲ್ಲಿ ಅದೇ ಕ್ರಮವನ್ನು ಅನುಸರಿಸಿದ. ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಯು ಹೀಗೆ ಕಳೆದುಹೋದ ಮುಖವನ್ನು ಮರಳಿ ಕೊಡುವ ಕರುಣೆಯ ಕಲೆಯಾಗಿತ್ತು. ಸೀಳುತುಟಿಯ ಮಗುವಿಗೆ, ಬೆಂಕಿಯಲ್ಲಿ ಬೆಂದವರಿಗೆ, ಆ್ಯಸಿಡ್ ದಾಳಿಗೆ ತುತ್ತಾದವರಿಗೆ ಇಂದಿಗೂ ಅದು ಕರುಣೆಯೇ.

ಜಗದ್ಗುರು 12ನೇ ಪಿಯುಸ್‌ರವರು 1958ರ ಅಕ್ಟೋಬರ್ 4ರಂದು, ತಮ್ಮ ಮರಣಕ್ಕೆ ಐದು ದಿನ ಮೊದಲು, ಇಟಲಿಯ ಪ್ಲಾಸ್ಟಿಕ್ ಶಸ್ತ್ರವೈದ್ಯರೆದುರು ಈ ವಿಷಯವನ್ನೇ ವಿವೇಚಿಸಿದರು. ದೇಹಸೌಂದರ್ಯವೂ ದೇವರು ಕೊಟ್ಟ ಒಳಿತೇ, ಆದರೆ ಅದಕ್ಕಿಂತ ಮೇಲಾದ ಒಳಿತುಗಳಿಗೆ ಅದು ಅಧೀನ. ರೂಪದ ಕುಂದು ಒಬ್ಬರ ಬದುಕನ್ನೋ ದುಡಿಮೆಯನ್ನೋ ಕುಗ್ಗಿಸುತ್ತಿದ್ದರೆ ಚಿಕಿತ್ಸೆಗೆ ನ್ಯಾಯವಾದ ಕಾರಣವಿದೆ. ಬರಿಯ ಒಣಹೆಮ್ಮೆಗೋ ಫ್ಯಾಶನ್ನಿನ ಚಪಲಕ್ಕೋ, ಅಂಗದ ಆರೋಗ್ಯಕ್ಕೆ ಹಾನಿಯಾಗುವಂತೆಯೋ ಆದರೆ ಅದು ಸಲ್ಲದು. ಅವರ ಬೋಧೆಯ ಸಾರ ಇಷ್ಟು. ಏನನ್ನು ಮಾಡಿಸಿಕೊಳ್ಳುತ್ತೀರಿ ಎಂಬುದರ ಜೊತೆಗೆ, ಯಾತಕ್ಕಾಗಿ ಎಂಬ ಪ್ರಶ್ನೆಯನ್ನೂ ಅವರು ನಮ್ಮ ಮುಂದಿಟ್ಟರು.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಸಂತ ತೋಮಸ್ ಅಕ್ವಿನಾಸರು ಸೌಂದರ್ಯಕ್ಕೆ ಹೇಳಿದ ಮೂರು ಲಕ್ಷಣಗಳನ್ನು ಬಾಯಿಪಾಠ ಮಾಡಿದ್ದೆವು: ಪೂರ್ಣತೆ, ಹೊಂದಾಣಿಕೆ, ಪ್ರಭೆ. ಪೂರ್ಣತೆಯೆಂದರೆ ಒಂದು ವಸ್ತುವಿಗೆ ಸೇರಬೇಕಾದುದೆಲ್ಲ ಅದರಲ್ಲಿರುವುದು. ಹಾಗಿದ್ದರೆ ನಕ್ಕ ಗೆರೆಯಿಲ್ಲದ, ಅತ್ತ ಗುರುತಿಲ್ಲದ, ಬೆವರುವ ರಂಧ್ರವೂ ಇಲ್ಲದ ಮುಖ ಪೂರ್ಣವೇ? ಮನುಷ್ಯನ ಮುಖಕ್ಕೆ ಸೇರಬೇಕಾದದ್ದನ್ನು ಕಳೆದ ಮೇಲೆ ಉಳಿಯುವುದು ಸೌಂದರ್ಯವಲ್ಲ, ಕೊರತೆ. ಪುಸ್ತಕದಲ್ಲಿ ನಲವತ್ತು ಅಂಕ ತಂದುಕೊಟ್ಟ ಆ ಪಾಠ, ‘ಎರಡನೆಯದೇ ಚೆನ್ನಾಗಿದೆ’ ಎಂದ ದಿನ ನನ್ನ ನಾಲಿಗೆಗೆ ಬರಲಿಲ್ಲ.

ಮನೆಯಿಂದ ಆರಂಭ

ನಾನು ಆ ಹುಡುಗಿಯ ಮನೆಗೆ ಹೋಗಿ, ಅವಳ ತಂದೆತಾಯಿಯರ ಎದುರಿಗೇ, ‘ಆ ಫೋಟೊ ಆರಿಸಿದ್ದು ನನ್ನ ತಪ್ಪು, ಮಗಳೇ’ ಎಂದೆ. ಅವಳು ಕೂಡಲೇ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ‘ಸ್ವಾಮಿ, ಪ್ರತಿ ಭಾನುವಾರ ನನ್ನನ್ನು ನೋಡುತ್ತಿದ್ದವರು ನೀವು. ನಿಮಗೂ ನಾನು ಹಾಗಿದ್ದರೇ ಚೆನ್ನ ಅನ್ನಿಸಿತಲ್ಲ’ ಎಂದಳು. ಇಷ್ಟು ವರ್ಷಗಳ ಗುರುಜೀವನದಲ್ಲಿ ನನ್ನನ್ನು ಅಷ್ಟು ನೇರವಾಗಿ ತಿದ್ದಿದ ಮಾತು ಇನ್ನೊಂದಿಲ್ಲ.

ಅವಳನ್ನು ಮೊದಲು ಚರ್ಮವೈದ್ಯರ ಬಳಿಗೆ, ಅನಂತರ ಮನೋವೈದ್ಯರ ಬಳಿಗೆ ಕರೆದೊಯ್ದರು. ಕ್ರೀಮನ್ನು ಒಮ್ಮೆಗೇ ಬಿಡದೆ ವೈದ್ಯರ ಸಲಹೆಯಂತೆ ಬಿಡಿಸಬೇಕಾಯಿತು. ಗುಣವಾಗಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಬಿಸಿಲಿಗೆ ಮುಖ ಇಂದಿಗೂ ಕೆಂಪಾಗುತ್ತದೆ. ಮದುವೆ ಇನ್ನೂ ಕೂಡಿಬಂದಿಲ್ಲ. ಆದರೆ ಅವಳು ಮತ್ತೆ ವಾಚನ ಓದುತ್ತಿದ್ದಾಳೆ.

ಹೆತ್ತವರಲ್ಲಿ ನನ್ನ ವಿನಂತಿ ಇಷ್ಟೇ. ಮಕ್ಕಳ ಬಣ್ಣ, ಮೈಕಟ್ಟುಗಳನ್ನು ಹೋಲಿಸುವ ಮಾತನ್ನು ಮನೆಯಿಂದ ಹೊರಹಾಕಿ. ವಿವಾಹದ ಮಾತುಕತೆಗೆ ತಿದ್ದದ ಫೋಟೊವನ್ನೇ ಕೊಡಿ. ಸತ್ಯದ ಮೇಲೆ ನಿಲ್ಲದ ಸಂಬಂಧ ನಮಗೆ ಬೇಡ. ಫೋನಿನ ಕ್ಯಾಮೆರಾದಲ್ಲಿ ‘ಬ್ಯೂಟಿ’ ಎಂಬ ಗುಂಡಿಯನ್ನು ಮಕ್ಕಳೊಂದಿಗೆ ಕುಳಿತು ಆರಿಸಿ. ಅದು ಹೇಗೆ ಕೆಲಸ ಮಾಡುತ್ತದೆಂದು ಅವರಿಗೇ ತೋರಿಸಿ. ಚೀಟಿಯಿಲ್ಲದ ಕ್ರೀಮು ಮನೆಯೊಳಗೆ ಬರದಿರಲಿ. ಚಿಕಿತ್ಸೆ ಬೇಕೇಬೇಕೆನಿಸಿದರೆ ಅರ್ಹ ತಜ್ಞರನ್ನು ಕಂಡು, ಅಪಾಯಗಳನ್ನು ಕೇಳಿ, ಕೆಲವು ತಿಂಗಳು ಕಾದು ತೀರ್ಮಾನಿಸಿ. ಮಗು ಕನ್ನಡಿಯ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಿದ್ದರೆ, ಅಥವಾ ಕನ್ನಡಿಯನ್ನೂ ಜನರನ್ನೂ ತಪ್ಪಿಸುತ್ತಿದ್ದರೆ, ಗದರಿಸದೆ ನೆರವು ಹುಡುಕಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ಇಂಟರ್ನೆಟ್ಟಿನ ಅತಿಬಳಕೆಯಿಂದ ಬಳಲುವವರಿಗಾಗಿ 2014ರಲ್ಲಿಯೇ ಪ್ರತ್ಯೇಕ ಕ್ಲಿನಿಕ್ ಆರಂಭವಾಗಿದೆ.

ನಿಜವಾದ ಮುಖ

ತಪಸ್ಸುಕಾಲದಲ್ಲಿ ನಾವು ಶಿಲುಬೆ ಹಾದಿಯ ಆರನೆಯ ಸ್ಥಳದಲ್ಲಿ ಮೊಣಕಾಲೂರುತ್ತೇವೆ. ವೆರೋನಿಕಾ ಎಂಬ ಸ್ತ್ರೀ ಜನಜಂಗುಳಿಯನ್ನು ಸೀಳಿಕೊಂಡು ಬಂದು ಯೇಸುವಿನ ಮುಖವನ್ನು ಒರೆಸಿದಳೆಂದೂ, ಆ ಮುಖ ಅವಳ ವಸ್ತ್ರದ ಮೇಲೆ ಮೂಡಿತೆಂದೂ ನಮ್ಮ ಪರಂಪರೆ ಹೇಳುತ್ತದೆ. ಅವಳ ಹೆಸರಿಗೇ ‘ನಿಜವಾದ ಪ್ರತಿರೂಪ’ ಎಂಬ ಅರ್ಥವನ್ನು ಭಕ್ತರು ಹೇಳಿಕೊಂಡು ಬಂದಿದ್ದಾರೆ. ಅಲ್ಲಿ ಮೂಡಿದ್ದು ತಾಬೋರ್ ಬೆಟ್ಟದ ಮೇಲೆ ಸೂರ್ಯನಂತೆ ಬೆಳಗಿದ ಮುಖವಲ್ಲ. ಉಗುಳು, ನೆತ್ತರು, ಬೆವರು, ಧೂಳು ಮೆತ್ತಿದ ಮುಖ. ಪುನರುತ್ಥಾನದ ನಂತರವೂ ಪ್ರಭು ತಮ್ಮ ಗಾಯಗಳ ಗುರುತನ್ನು ಅಳಿಸಿಕೊಳ್ಳಲಿಲ್ಲ. ಅವುಗಳನ್ನೇ ತೋಮನಿಗೆ ತೋರಿಸಿದರು, ಅವುಗಳಿಂದಲೇ ಆತ ತನ್ನ ಪ್ರಭುವನ್ನು ಗುರುತಿಸಿದ.

ಮತ್ತೋಡಿನ ಕುಲುಮೆ ಆರಿರಬಹುದು. ಬಳೆಗಾರನ ವಿವೇಕ ನಮ್ಮಲ್ಲಿ ಆರದಿರಲಿ. ಮೊದಲು ಕೈ, ಅನಂತರ ಬಳೆ. ಮೊದಲು ದೇವರು ಕೊಟ್ಟ ಮುಖ, ಅನಂತರ ಅದಕ್ಕೊಪ್ಪುವ ಅಲಂಕಾರ. ಬರುವ ಭಾನುವಾರ ಬಲಿಪೂಜೆಯಲ್ಲಿ ಶಾಂತಿಯನ್ನು ಹಂಚಿಕೊಳ್ಳುವಾಗ ಕೈಮುಗಿದು ತಲೆತಗ್ಗಿಸಿ ಮುಂದೆ ಸರಿಯಬೇಡಿ. ಪಕ್ಕದಲ್ಲಿ ನಿಂತ ಮಗುವಿನ ಮುಖವನ್ನು ಒಂದು ಕ್ಷಣ ನೋಡಿ. ಯಾರೋ ತನ್ನನ್ನು ಇದ್ದಂತೆಯೇ ನೋಡಿ ಸಂತೋಷಪಟ್ಟರೆಂಬುದು ಅದಕ್ಕೆ ತಿಳಿಯಲಿ. ನಮ್ಮನ್ನು ತಮ್ಮ ಸ್ವರೂಪದಲ್ಲಿ ಉಂಟುಮಾಡಿದ ದೇವರು ನಿಮ್ಮ ಕುಟುಂಬಗಳನ್ನು ಹರಸಲಿ.